ರಾಣಿಯ ಮಣ್ಣು

ಮೂರು ಸಲ ಹೇಳಿದ್ದಳು ಆಫ್ರೀನ. ಸೋಮವಾರ ಒಲೆಯ ಮುಂದೆ ಕೂತಿದ್ದ ತಾಯಿಗೆ ಹೇಳಿದಳು. ಮಂಗಳವಾರ ಅಣ್ಣನ ಮುಂದೆ ಊಟದ ತಾಟು ಇಡುತ್ತ ಹೇಳಿದಳು. ಬುಧವಾರ ಬೆಳಿಗ್ಗೆ ಚಪ್ಪಲಿಗೆ ಕಾಲು ತೂರಿಸುತ್ತ ಇಬ್ಬರಿಗೂ ಸೇರಿಸಿ ಮತ್ತೊಮ್ಮೆ ಹೇಳಿದಳು: "ಅದಕ್ಕೇನೂ ಆಗಿಲ್ಲ. ಪೊರಿ ಬಿಡತೈತಿ. ಅಂಗಾತ ಬಿದ್ರೂ ಮುಟ್ಟಬ್ಯಾಡ್ರಿ." ಸಾರು ಕುದಿಯುವ ಸದ್ದಿಗೂ ಸೋಲುವ ದನಿ ಅವಳದು. ತಾಯಿ ಕಾಸಿಂಬಿ ಹೂಂ ಅಂದಳು. ಅಣ್ಣ ಖಲೀಲ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಅದು ಅಂದರೆ ಜೇಡ. ಗೋಡೆಯ ಮೂಲೆಯಲ್ಲಿ ಬಲೆ ಕಟ್ಟುವ ಸಣ್ಣ ಹುಳವಲ್ಲ. ಅಂಗೈ ತುಂಬುವಷ್ಟು ದೊಡ್ಡದು, ಮೈತುಂಬ ಕೂದಲಿನದು, ಮೊಬೈಲಿನಲ್ಲಿ ಟರಾಂಟುಲಾ ಅಂತ ಕರೆಯುವ ಜಾತಿಯದು. ಇಳಕಲ್ಲಿನ ಹೊರಗೆ ಕೆಂಪು ಕಲ್ಲಿನ ಖಣಿಯಲ್ಲಿ ದುಡಿಯುವ ಅಪ್ಪ ಮೀರಾಸಾಬ ನಾಲ್ಕು ತಿಂಗಳ ಹಿಂದೆ ಅದನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ತಂದಿದ್ದ. ಬಂಡೆ ಎತ್ತಿದಾಗ ಸಂದಿಯಿಂದ ಹೊರಬಿದ್ದಿತ್ತಂತೆ. ಜೊತೆಯವರು ಚಪ್ಪಲಿ ಎತ್ತಿದರು, ಇವನು ಅಡ್ಡ ಬಂದ. ಪೈಗಂಬರರು ಗುಹೆಯಲ್ಲಿದ್ದಾಗ ಬಾಗಿಲಿಗೆ ಬಲೆ ನೇಯ್ದು ಕಾಯ್ದದ್ದು ಜೇಡ, ಅದರ ಕುಲಕ್ಕೆ ಕೈ ಎತ್ತಬಾರದು ಎಂಬುದು ಆ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದ ಮಾತು. ಕಾಸಿಂಬಿ ಮನೆ ಸಾರಿಸುವಾಗಲೂ ಬಲೆ ಇದ್ದ ಮೂಲೆಯನ್ನು ಬಿಟ್ಟು ಸಾರಿಸುವವಳು.

ಹೊಲದ ಕಡೆ ಬಿಟ್ಟುಬರೋಣ ಅಂತ ಅಪ್ಪ ಅನ್ನುವಷ್ಟರಲ್ಲಿ ಖಲೀಲ ಅದಕ್ಕೆ ರಾಣಿ ಅಂತ ಹೆಸರಿಟ್ಟು ಗಾಜಿನ ಪೆಟ್ಟಿಗೆ ತಂದಾಗಿತ್ತು. 'ಇಳಕಲ್ಲಿನ ಹುಲಿ' ಅಂತ ಹೆಸರು ಇಟ್ಟುಕೊಂಡು ಮೊಬೈಲಿನಲ್ಲಿ ರೀಲ್ಸ್ ಮಾಡುವವನು ಅವನು. ಬೈಕ್ ಮೇಲೆ ಕೂತು ಮಾಡಿದ್ದಕ್ಕೆ ಇನ್ನೂರು ಜನ, ಕನ್ನಡಕ ಹಾಕಿ ಮಾಡಿದ್ದಕ್ಕೆ ಮುನ್ನೂರು ಜನ. ಜೇಡ ಬಂದ ಮೇಲೆ ಎರಡು ಸಾವಿರ ಮುಟ್ಟಿತು. ಅವನು ಅದಕ್ಕೆ ಮಟನ್ ಚೂರು ಹಾಕಿದ. ಬೆಚ್ಚಗಿರಲಿ ಅಂತ ಮಧ್ಯಾಹ್ನದ ಬಿಸಿಲಿಗೆ ಕಿಟಕಿಯಲ್ಲಿಟ್ಟ. ನಿಂತುಕೊಂಡೇ ತೋಳಿನ ಮೇಲೆ ಬಿಟ್ಟುಕೊಂಡ. ಎಂಟು ದಿನದಲ್ಲಿ ಒಂದು ಸಲ ಅದು ಅವನ ಬೆರಳು ಕಚ್ಚಿ, ಕೈ ಬಾತು, ಅಲ್ಲಿಗೆ ಸಾಕುವ ಹುಚ್ಚು ಇಳಿಯಿತು. ರೀಲ್ಸಿನ ಹುಚ್ಚು ಇಳಿಯಲಿಲ್ಲ.

ಸಾಕಿದವಳು ಆಫ್ರೀನ. ಎಂಟನೇ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಅಂದಾಗ ದನಿ ಹೊರಡದೆ ಒಂದು ತಾಸು ನಿಂತೇ ಇದ್ದು, ಮರುದಿನದಿಂದ ಶಾಲೆಗೆ ಹೋಗದವಳು. ಆದರೆ ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ತಾಯಿಯ ಮೊಬೈಲಿನಲ್ಲಿ ಸದ್ದು ಕಡಿಮೆ ಮಾಡಿ ಜೇಡ ಸಾಕುವವರ ವಿಡಿಯೋಗಳನ್ನು ನೋಡಿದಳು. ಅದಕ್ಕಿಂತ ಹೆಚ್ಚು ಪೆಟ್ಟಿಗೆಯನ್ನೇ ನೋಡಿದಳು. ಗೇಣುದ್ದ ಮಣ್ಣು ತುಂಬಿದಳು, ಅಡಗಲು ತೆಂಗಿನ ಚಿಪ್ಪು ಬೋರಲು ಹಾಕಿದಳು, ಸೋಡಾ ಬಾಟಲಿಯ ಮುಚ್ಚಳದಲ್ಲಿ ನೀರಿಟ್ಟಳು. ಎತ್ತರದಿಂದ ಬಿದ್ದರೆ ಅದರ ಹೊಟ್ಟೆ ಒಡೆಯುತ್ತದೆಂದು ತಿಳಿದ ಮೇಲೆ ಪೆಟ್ಟಿಗೆಯನ್ನು ಕಪಾಟಿನಿಂದ ನೆಲಕ್ಕಿಳಿಸಿದಳು. ವಾರಕ್ಕೊಂದು ಜಿರಲೆ ಸಾಕು. ಅದೂ ಔಷಧ ಹೊಡೆಯದ ಮನೆಯದೇ ಆಗಬೇಕು. ನಾಚಿಕೆ ಬಿಟ್ಟು ಓಣಿಯಲ್ಲಿ ಕೇಳಿ ಹಿಡಿದು ತರುತ್ತಿದ್ದಳು.

ತಿಂಗಳಿಂದ ರಾಣಿ ಉಣ್ಣುವುದನ್ನು ಬಿಟ್ಟಿತ್ತು. ಬಣ್ಣ ಮಾಸಿ, ಹೊಟ್ಟೆ ಕಪ್ಪಗೆ ಮಿರುಗತೊಡಗಿತ್ತು. ಸಾಯುವ ಜೇಡ ಕಾಲುಗಳನ್ನು ಅಡಿಗೆ ಎಳೆದುಕೊಂಡು ಮುದುಡಿ ಕೂಡುತ್ತದೆ. ಪೊರೆ ಬಿಡುವ ಜೇಡ ನೆಲಕ್ಕೆ ನೂಲಿನ ಹಾಸಿಗೆ ಹಾಸಿ, ಅದರ ಮೇಲೆ ಅಂಗಾತ ಮಲಗುತ್ತದೆ. ಸತ್ತಂತೆ ಕಾಣುವುದೇ ಸರಿ, ಕೂತಿದ್ದರೆ ಚಿಂತೆ. ಈ ತಿರುವುಮುರುವು ಮಾತನ್ನೇ ಅವಳು ಮೂರು ಸಲ ಹೇಳಿದ್ದು.

"ಎಂಟನೇತ್ತಾ ಸಾಲಿ ಬಿಟ್ಟಾಕಿ ಜೇಡದ ದವಾಖಾನಿ ತಗದಾಳ ನೋಡ್ರಿ" ಅಂತ ಖಲೀಲ ನಕ್ಕಿದ್ದ.

ಬುಧವಾರ ಅವಳಿಗೆ ನೇಕಾರ ಚಂದಪ್ಪನ ಮನೆಯಲ್ಲಿ ಕೊಂಡಿಯ ಕೆಲಸವಿತ್ತು. ಇಳಕಲ್ ಸೀರೆಯ ಒಡಲಿಗೆ ಉದ್ದೆಳೆಗಳದೊಂದು ಹಾಸು, ಸೆರಗಿಗೆ ಬೇರೊಂದು ಹಾಸು. ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಎಳೆಗಳು ಸಾವಿರದ ಲೆಕ್ಕದಲ್ಲಿ. ಒಬ್ಬರ ಕೈ ಹಿಡಿದದ್ದನ್ನು ಅದೇ ಕೈ ಮುಗಿಸಬೇಕು. ಕೈ ಬದಲಾದರೆ ಬಿಗಿ ಬದಲಾಗುತ್ತದೆ, ನೇಯುವಾಗ ಸೆರಗು ಸೊಟ್ಟ ಬರುತ್ತದೆ. ಆಫ್ರೀನಳ ಕೊಂಡಿ ಓಣಿಗೆಲ್ಲ ಹೆಸರಾಗಿತ್ತು. ಐದು ವರ್ಷದಲ್ಲಿ ಒಂದನ್ನೂ ಅರ್ಧಕ್ಕೆ ಬಿಟ್ಟವಳಲ್ಲ.

ಅರ್ಧ ಮುಗಿದಿರಬೇಕು. ಚಂದಪ್ಪನ ಸೊಸೆ ಕಸ್ತೂರಿ ಚಹಾ ತಂದಿಟ್ಟು ಮೊಬೈಲನ್ನು ಅವಳ ಮುಖಕ್ಕೆ ಹಿಡಿದಳು. "ಅಯ್ಯ, ಹೇಳೇ ಇಲ್ಲಲ್ಲ ನೀ! ನಿಮ್ಮ ರಾಣಿ ಸತ್ತೈತಂತಲ್ಲ?"

ಪರದೆಯ ಮೇಲೆ ಅವರದೇ ಹಿತ್ತಲು. ಕಾಸಿಂಬಿ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಒಂದು ಬಿಳಿ ಬಟ್ಟೆಯ ಗಂಟು ಹಿಡಿದು, ಕರಿಬೇವಿನ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ತುಟಿ ಅಲ್ಲಾಡುತ್ತಿದ್ದವು. ಗಂಟನ್ನು ಕುಂಡದ ಮಣ್ಣಿನಲ್ಲಿಟ್ಟು ಮೂರು ಹಿಡಿ ಮಣ್ಣು ಹಾಕಿದಳು. ಆಮೇಲೆ ಖಲೀಲನ ಮುಖ, ಕಣ್ಣೀರು, ಹಿಂದೆ ಯಾವುದೋ ಅಳುವ ಸಂಗೀತ. "ನಮ್ಮ ರಾಣಿ ನಮ್ಮನ್ನ ಬಿಟ್ಟು ಹೋದ್ಲು, ದೋಸ್ತರೇ."

"ಯಾವಾಗ ಹಾಕ್ಯಾನ್ರಿ ವೈನಿ ಇದನ್ನ?"

"ಈಗ, ಮುಕ್ಕಾಲು ತಾಸು ಆಗೈತಿ. ನೋಡಿಲ್ಲಿ, ಎಷ್ಟ ಮಂದಿ ನೋಡ್ಯಾರ..."

ಆಫ್ರೀನ ಎದ್ದಳು. ಬೆರಳಿಗೆ ಸಿಕ್ಕಿದ್ದ ಎಳೆ ಚಟ್ಟೆಂದು ಹರಿಯಿತು. ಒಳಮನೆಯಿಂದ ಚಂದಪ್ಪ ಓಡಿಬಂದ. "ಏ ಹುಡುಗಿ! ಅರ್ಧಾ ಬಿಟ್ಟು ಎಲ್ಲಿಗಿ? ಇನ್ನೊಬ್ಬರ ಕೈಗೆ ಕೊಡಾಕ ಬರೂದಿಲ್ಲ ಇದು, ಗೊತ್ತಿಲ್ಲೇನ ನಿನಗ?"

"ಮನ್ಯಾಗ ಜೀವಂತ ಇದ್ದದ್ದನ್ನ ಹುಗದಾರ್ರಿ ಕಾಕಾ."

"ಯಾರನ್ನ?"

ಅಷ್ಟರಲ್ಲಿ ಅವಳು ಓಣಿಗಿಳಿದಿದ್ದಳು. ಎಳೆ ಕತ್ತರಿಸುವ ಸಣ್ಣ ಬ್ಲೇಡು ಇನ್ನೂ ಬೆರಳ ಸಂದಿಯಲ್ಲಿತ್ತು. ಹಿಂದಿನಿಂದ ಚಂದಪ್ಪನ ಮಾತು ಬೆನ್ನಿಗೆ ಬಡಿಯಿತು: "ಸಂಜಿತನಕ ಬರಲಿಲ್ಲಂದ್ರ ಈ ಮನಿಗಿ ಮತ್ತ ಬರಬ್ಯಾಡ!"

ಕುಂಡದ ಮುಂದೆ ಕೂತಾಗ ಅವಳಿಗೆ ಏದುಸಿರು. ಮೂರು ಹಿಡಿ ಮಣ್ಣಷ್ಟೇ. ತಾಯಿಯ ಕೈ ಸಣ್ಣದು, ದೇವರು ದೊಡ್ಡವನು. ಗಂಟು ಬಿಚ್ಚಿದಳು. ಬೆನ್ನ ಮೇಲಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಎದ್ದುಬಿಟ್ಟಿತ್ತು. ಅದರಡಿಯಿಂದ ಹೊಸ ಮೈ, ಹಾಲಿನ ಕೆನೆಯಂತೆ ಬೆಳ್ಳಗೆ ಮೆತ್ತಗೆ, ಅರ್ಧ ಹೊರಗೆ ಬಂದು ನಿಂತಿತ್ತು. ಒಂದು ಕಾಲು ತುಸುವೇ ನಡುಗಿತು.

ಹಳೆ ಓಢಣಿಯ ಬಟ್ಟೆ, ಸಡಿಲ ನೇಯ್ಗೆಯದು. ಅದರ ಎಳೆಗಳು ಜೇಡದ ಉಗುರುಗಳಿಗೆ ತೊಡರಿಕೊಂಡಿದ್ದವು. ಬಟ್ಟೆ ಎಳೆದರೆ ಕಾಲೇ ಬರುತ್ತದೆ. ಬಟ್ಟೆಯ ಸಮೇತ ಅದನ್ನು ತಾಟಿನ ಮೇಲಿಟ್ಟು ಒಳಕೋಣೆಗೆ ತಂದಳು. ನೆಲಕ್ಕೆ ಮಕಾಡೆ ಮಲಗಿ, ಬ್ಲೇಡಿನ ತುದಿಯಿಂದ ಒಂದೊಂದೇ ಎಳೆ ಕತ್ತರಿಸಿದಳು. ಹದಿನಾರನೆಯ ಎಳೆಯೋ ಹದಿನೇಳನೆಯದೋ ಕತ್ತರಿಸುವಾಗ ಬಾಗಿಲಲ್ಲಿ ತಾಯಿಯ ನೆರಳು ಬಿತ್ತು.

"ಯಾ ಅಲ್ಲಾ! ಮಣ್ಣ ಕೊಟ್ಟದ್ದನ್ನ ಹೊರಗ ತಗೀತಾರೇನ, ಹುಚ್ಚಿ?"

"ನೋಡ ಇಲ್ಲಿ."

ಕಾಸಿಂಬಿ ಬಾಗಿ ನೋಡಿದಳು. ಬೆಳ್ಳನೆಯ ಕಾಲೊಂದು ಹಳೆಯ ಕಾಲಿನೊಳಗಿಂದ, ಕಾಲುಚೀಲದಿಂದ ಬರುವಂತೆ, ನಿಧಾನವಾಗಿ ಹೊರಬರುತ್ತಿತ್ತು. ತಾಯಿ ಪಕ್ಕದಲ್ಲೇ ಕೂತಳು. "ಜೀವ ಐತಿ... ಜೀವ ಇದ್ದದ್ದಕ್ಕ ನಾ ದುವಾ ಓದಿ... ನನಗ ತಿಳೀಲಿಲ್ಲ ಮಗಳಽ. ಹಂಗ ಬಿಟ್ರ ಇರವಿ ಮುತ್ತತಾವು, ಮರ್ಯಾದಿಲೆ ಕಳಸೂಣು ಅಂದೆ. ಪೈಗಂಬರರನ್ನ ಕಾದ ಕುಲದ್ದು ಅದು."

"ನಾ ಹೇಳಿದ್ದೆ."

"ನೀ ಏನೋ ಅಂದಿ, ನಾ ಒಲಿ ಮುಂದ ಇದ್ದೆ..."

"ಮೂರು ಸಲ ಹೇಳಿದ್ದೆ ಅಮ್ಮಾ! ಗ್ವಾಡಿಗೆ ಹೇಳಿದ್ನೇನ?" ದನಿ ಮನೆಯ ತಗಡಿಗೆ ತಾಗಿ ಮರಳಿತು. ಆಫ್ರೀನಳಿಗೇ ಗುರುತಾಗದ ದನಿ. "ಬಟ್ಟಿ ಹರಿದ್ರಿ, ಕುಂಡ ತೋಡಿದ್ರಿ, ದುವಾ ಓದಿದ್ರಿ, ಅತ್ರಿ, ಶೂಟ್ ಮಾಡಿದ್ರಿ. ಐದ ನಿಮಿಷದ ಹಾದಿಗೆ ನಾ ಇದ್ದೆ. ಒಂದ ಮಾತ ನನ್ನ ಕೇಳಾಕ ಯಾರಿಗೂ ಪುರಸೊತ್ತ ಆಗಲಿಲ್ಲಲ್ಲ!"

"ಹಗೂರ ಮಾತಾಡ, ಓಣಿಗೆ ಕೇಳತೈತಿ..."

"ಕೇಳಲಿ!"

ಕೇಳಿ ಬಂದವನು ಖಲೀಲ. ಕಣ್ಣೀರು ಎಂದೋ ಆರಿ, ಮುಖ ಮದುಮಗನ ಮುಖದಂತೆ ಹೊಳೆಯುತ್ತಿತ್ತು. "ಅಮ್ಮಾ, ಹನ್ನೊಂದ ಸಾವಿರ! ಹನ್ನೊಂದ ಸಾವಿರ ಮಂದಿ ನೋಡ್ಯಾರ! ಬಾಗಲಕೋಟಿಯಿಂದ ಯುನೂಸ ಫೋನ್ ಮಾಡಿ ಅತ್ತ..." ಅಂದವನು ತಾಟನ್ನು ನೋಡಿ ನಿಂತ. ಜೇಡದ ಕಾಲು ಮತ್ತೆ ಮಿಡುಕಿತು.

"ಏ ಇದರವ್ವನ!" ಅಂದ. ಒಂದು ಗಳಿಗೆ ಅವನ ಮುಖದಲ್ಲಿ ಹೆದರಿಕೆ ಬಂತು. ಹನ್ನೊಂದು ಸಾವಿರ ಜನರ ಮುಂದೆ ಸುಳ್ಳುಗಾರನಾದ ಹೆದರಿಕೆ. ಮರುಗಳಿಗೆಗೆ ಅದೂ ಹೋಗಿ ಕಣ್ಣು ಅಗಲವಾದವು. "ತಡಿ, ತಡಿ. ಇದು ಪವಾಡ! ಮಣ್ಣಾಗಿಂದ ಎದ್ದ ಬಂತು ಅಂತ ಹಾಕಿದ್ರ ಲಕ್ಷ ದಾಟತೈತಿ. ಯಾರ ತಗದ್ರಿ ಹೊರಗ? ತಗಿಯೂದನ್ನ ಶೂಟ್ ಮಾಡಿಲ್ಲಲ್ಲ! ಆಫ್ರೀನ, ಒಂದ ಕೆಲಸ ಮಾಡೂಣು. ಮತ್ತೊಮ್ಮಿ ಕುಂಡದಾಗ ಇಡೂಣು, ಮ್ಯಾಲ ತುಸು ಮಣ್ಣ ಹಾಕೂಣು. ನಾ ತಗೀತೇನಿ, ನೀ ಮೊಬೈಲ್ ಹಿಡಿ."

ಆಫ್ರೀನ ಎದ್ದು ತಾಟಿಗೆ ಅಡ್ಡವಾಗಿ ನಿಂತಳು.

"ಎರಡ ನಿಮಿಷ ಲೇ. ಇಷ್ಟೊತ್ತ ಸಾಯದ್ದು ಎರಡ ನಿಮಿಷಕ್ಕ ಸಾಯತೈತೇನ? ಹಿಡಿ."

ಮೊಬೈಲನ್ನು ಅವಳ ಕೈಗೆ ತುರುಕಿ, ಅಂಗಿಯ ತೋಳು ಮಡಚತೊಡಗಿದ.

ಅವಳು ಹಿಡಿದಳು. ಪರದೆಯ ಮೇಲೆ ಅವನ ರೀಲ್ ತೆರೆದೇ ಇತ್ತು. ಹನ್ನೊಂದು ಸಾವಿರ ಹನ್ನೆರಡಾಗುತ್ತಿತ್ತು. ಅವನ ಬೆರಳು ಎಲ್ಲೆಲ್ಲಿ ಒತ್ತುತ್ತದೆ, ಕೆಟ್ಟು ಬಂದದ್ದನ್ನು ಅವನು ಹೇಗೆ ಅಳಿಸುತ್ತಾನೆ, ಎಲ್ಲವನ್ನೂ ಅವಳು ವರ್ಷಗಟ್ಟಲೆ ತಾಟು ಇಡುತ್ತ, ತಾಟು ಎತ್ತುತ್ತ ನೋಡಿದ್ದಳು. ಮೂಲೆಯ ಮೂರು ಚುಕ್ಕೆ ಒತ್ತಿದಳು. ಅಳಿಸಬೇಕೆ ಅಂತ ಕೇಳಿತು. ಹೌದು ಅಂದಳು. ಅಳಿಸಿದ್ದು ಕೆಲವು ದಿನ ಬೇರೊಂದು ಕಡೆ ಉಳಿದಿರುತ್ತದೆಂಬುದೂ ಗೊತ್ತಿತ್ತು. ಅಲ್ಲಿಗೂ ಹೋಗಿ ತೆಗೆದಳು.

"ಶುರು ಆತೇನ?" ಅಂದ ಖಲೀಲ.

"ಮುಗೀತು" ಅಂದು ಮೊಬೈಲು ಅವನ ಕೈಗೆ ಕೊಟ್ಟಳು.

ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೇಲೆ ಕೆಳಗೆ ಸರಿಸಿ ನೋಡಿದ, ಮತ್ತೆ ನೋಡಿದ. ಆಮೇಲೆ ಬಂದ ಏಟಿಗೆ ಅವಳ ಕಿವಿ ಗುಂಯ್ ಅಂದಿತು, ಕೆನ್ನೆ ಉರಿಯಿತು. ಕಾಲು ಮಾತ್ರ ಸರಿಸಲಿಲ್ಲ. ತಾಟು ಹಿಂದೆಯೇ ಇತ್ತು, ಒಂದು ಹೆಜ್ಜೆ ಹಿಂದಿಟ್ಟರೆ ಅದರ ಮೇಲೆ.

"ಇನ್ನೊಂದು ಹೊಡಿ" ಅಂದಳು. "ಆದ್ರ ನೆಲಾ ತುಳೀಬ್ಯಾಡ. ಅದಕ್ಕ ಅದುರತೈತಿ."

"ಜೇಡದ ಸಲುವಾಗಿ ಖಾಸ್ ಅಣ್ಣನ ಹೊಟ್ಟಿ ಮ್ಯಾಲ ಹೊಡದಿ! ಹನ್ನೆರಡ ಸಾವಿರ ಮಂದಿ! ನಿನಗೇನ ಗೊತ್ತ ಐತಿ ಅದರ ಕಿಮ್ಮತ್ತು, ಸಾಲಿ ಬಿಟ್ಟಾಕಿ!"

ಅವನು ಮತ್ತೆ ಕೈ ಎತ್ತಿದಾಗ ಕಾಸಿಂಬಿ ಎದ್ದಳು. ಮಾತಾಡಲಿಲ್ಲ. ಎರಡೂ ಕೈಯಿಂದ ಮಗನ ಎದೆಗೆ ನೂಕಿದಳು. ಬಾಗಿಲು ದಾಟುವವರೆಗೆ ನೂಕಿ, ಬಾಗಿಲು ಮುಚ್ಚಿದಳು. ಹೊರಗಿನಿಂದ ಅವನು ಕೂಗುತ್ತಿದ್ದ: ಇವತ್ತಿನಿಂದ ಅವಳು ತನ್ನ ತಂಗಿಯಲ್ಲ, ಅಬ್ಬಾ ಬರಲಿ, ಪೆಟ್ಟಿಗೆ ತನ್ನದು, ಜೇಡ ತನ್ನದು.

"ಎಷ್ಟ ದಿನಾ ಮುಟ್ಟಬಾರದು ಹೇಳು, ನಾ ಅವಗ ತಿಳಿಸಿ ಹೇಳ್ತೇನಿ" ಅಂದಳು ಕಾಸಿಂಬಿ.

"ಮೈ ಗಟ್ಟಿ ಆಗಾಕ ಹದಿನೈದ ದಿನ ಬೇಕು. ಆಮ್ಯಾಲೂ ಅವ ಮುಟ್ಟಂಗಿಲ್ಲ."

ಏಳು ಕಾಲು ಹೊರಗೆ ಬಂದಿದ್ದವು. ಎಂಟನೆಯದು ಹಳೆಯ ಚರ್ಮದಲ್ಲೇ ಸಿಕ್ಕಿ ಸೊಟ್ಟಗೆ ತಿರುಚಿಕೊಂಡಿತ್ತು, ಗಂಟಿನಲ್ಲಿ ಅದುಮಿದ್ದ ಕಡೆಯದು. ತಾಯಿ ಮೊಣಕಾಲೂರಿ ಹತ್ತಿರ ಬಂದಳು. ಕಣ್ಣು ಒದ್ದೆಯಾಗಿದ್ದವು. ಕೈ ಚಾಚಿ, ಮುಟ್ಟದೆ, ಗಾಳಿಯಲ್ಲೇ ಹಿಡಿದು, "ನಾ ಏನರ ಮಾಡ್ಲೇನ? ನೀರ ತರ್ಲೇನ?" ಅಂದಳು.

ತಾಯಿ ಅಳುವಾಗ ಆಫ್ರೀನ ಯಾವಾಗಲೂ ತಾನೇ ಸೋಲುತ್ತಿದ್ದಳು. ಈ ಸಲ ಕಾದಳು, ಸೋಲು ಬರಲಿಲ್ಲ. ಕೆನ್ನೆಯ ಉರಿಗಿಂತ ಆ ಮೂರು ಸಲದ ಉರಿಯೇ ಹೆಚ್ಚಾಗಿತ್ತು.

"ನೀನೂ ಹೊರಗ ಹೋಗು, ಅಮ್ಮಾ."

"ನಾನೂ?"

"ನೀನೂ."

ಕಾಸಿಂಬಿ ಕುಂಡದ ಮಣ್ಣು ಇನ್ನೂ ಅಂಟಿದ್ದ ಕೈಗಳನ್ನು ಸೆರಗಿಗೆ ಒರೆಸುತ್ತ ಎದ್ದು ಹೋದಳು. ಆಫ್ರೀನ ಒಳಗಿನಿಂದ ಚಿಲಕ ಹಾಕಿದಳು. ಹತ್ತಿಯ ಎಳೆಯೊಂದನ್ನು ನೀರಿನಲ್ಲಿ ಅದ್ದಿ, ಮತ್ತೆ ಮಕಾಡೆ ಮಲಗಿ, ಸಿಕ್ಕಿಬಿದ್ದ ಎಂಟನೆಯ ಕಾಲಿನ ಸಂದಿಗೆ ಒಂದು ಹನಿ ಬಿಟ್ಟಳು. ಕಾದಳು. ಇನ್ನೊಂದು ಹನಿ ಬಿಟ್ಟಳು. ಹೊರಗೆ ಖಲೀಲ ಬಾಗಿಲು ಬಡಿಯತೊಡಗಿದಾಗ, ತಲೆ ಎತ್ತದೆಯೇ, ಓಣಿಯ ಆ ತುದಿಗೂ ಕೇಳುವಂತೆ ಕೂಗಿದಳು:

"ಬಾಗಲಾ ಬಡೀಬ್ಯಾಡ ಅಂದೆ!"

ಬಡಿತ ನಿಂತಿತು.