ಒಪ್ಪಿಗೆಯಾಗದ ಕೊಕ್ಕರೆ

ನಾನಾಗ ಮೂರನೇ ತರಗತಿ. ಮುಂದಿನ ವರ್ಷಕ್ಕೆಂದು ಸಿದ್ಧವಾಗುತ್ತಿದ್ದ ಪಠ್ಯಪುಸ್ತಕದ ಕರಡು ೧೯೪೩ರಲ್ಲಿ ನಮ್ಮ ಕೊಕ್ಕರೆ ಬೆಳ್ಳೂರಿನ ಶಾಲೆಗೂ ಬಂತು. ಒಪ್ಪಿಗೆ ಕೊಡುವ ಮೊದಲು ಮಕ್ಕಳಿಗೆ ಓದಿಸಿ, ಅಭಿಪ್ರಾಯ ಬರೆದು ಕಳಿಸಬೇಕೆಂದು ಪಠ್ಯಪುಸ್ತಕ ಸಮಿತಿಯ ಅಪ್ಪಣೆ. ವಹಾಬ್ ಮೇಷ್ಟ್ರು ಕೊಕ್ಕರೆಯ ಪಾಠ ತೆಗೆದು ನನ್ನ ಕೈಗಿತ್ತರು.

‘ಕೊಕ್ಕರೆಯು ಮನುಷ್ಯರನ್ನು ಕಂಡೊಡನೆ ಹೆದರಿ ದೂರ ಹಾರಿಹೋಗುತ್ತದೆ’ ಎಂದು ನಾನು ಓದಿದ್ದೇ ತಡ, ಇಡೀ ತರಗತಿ ಗೊಳ್ಳೆಂದು ನಕ್ಕಿತು.

“ಸುಳ್ಳು ಕಣ್ ಮೇಷ್ಟ್ರೇ!” ಎಂದು ನನ್ನ ಪಕ್ಕದ ಮಲ್ಲಿಗಮ್ಮ ಎದ್ದು ನಿಂತಳು. “ನಮ್ಮನೆ ಉಣಸೆಮರಕ್ಕೆ ವರ್ಸಾ ವರ್ಸಾ ಬಾಣಂತನಕ್ಕೆ ಬತ್ತವೆ. ತವರಿಗೆ ಬಂದಿರೋ ಎಣ್ಮಕ್ಳು ಅಂತ ನಮ್ಮವ್ವ ಒಂದ್ ಕೊಂಬೆನೂ ಕಡಿಯಕ್ ಬುಡಕಿಲ್ಲ.”

ಮೇಷ್ಟ್ರು ಅವಳ ಮಾತನ್ನು ಒಂದಕ್ಷರ ಬಿಡದೆ ಅಭಿಪ್ರಾಯದ ಹಾಳೆಗೆ ಇಳಿಸಿ ಕಳಿಸಿದರು. ಮಲ್ಲಿಗಮ್ಮನ ಹುಣಸೆಮರ ಪುಸ್ತಕದಲ್ಲಿ ಬರುತ್ತದೆಂದು ನಾವು ವರ್ಷವಿಡೀ ಊರೆಲ್ಲ ಸಾರಿಕೊಂಡು ತಿರುಗಿದೆವು.

ಒಪ್ಪಿಗೆಯಾದ ಪುಸ್ತಕ ಬಂದಾಗ ಅದರಲ್ಲಿ ಕೊಕ್ಕರೆಯೇ ಇರಲಿಲ್ಲ. ಆ ಪುಟದಲ್ಲಿ ಉಷ್ಟ್ರಪಕ್ಷಿ ಕತ್ತು ಚಾಚಿ ನಿಂತಿತ್ತು.

“ಸಮಿತಿಯೋರು ಜಾಣ್ರು ಕಣ್ರಲಾ,” ಎಂದರು ಮೇಷ್ಟ್ರು. “ಇದ್ನ ಸುಳ್ಳು ಅನ್ನಕೆ ಈ ಸೀಮೇಲಿ ಯಾರವ್ರೆ?”

ಇಷ್ಟು ವಯಸ್ಸಾದರೂ ಆ ಸಿಟ್ಟು ನನಗೆ ಇಳಿದಿಲ್ಲ. ಉಷ್ಟ್ರಪಕ್ಷಿಯನ್ನು ಕಣ್ಣಾರೆ ಕಂಡಿಲ್ಲ, ಪಾಠ ಮಾತ್ರ ಈಗಲೂ ಬಾಯಿಗೆ ಬರುತ್ತದೆ. ಬರದೇ ಏನು? ಕಿಟಕಿಯಾಚೆ ಕೊಕ್ಕರೆ ಮರಿಗಳು ಹಾಕುತ್ತಿದ್ದ ಗಲಾಟೆಯಲ್ಲಿ ಅದನ್ನು ಗಂಟಲು ಹರಿಯುವಂತೆ ಕೂಗಿ ಓದಬೇಕಾಗಿತ್ತು.