ಬೇವಿನ ಕಟ್ಟೆಗೆ ಹೋದ ಎಡೆ

ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗುವ ಹೊತ್ತಿಗೇ ಮಕ್ಕಳ ಮೈಮೇಲೆ ಗುಳ್ಳೆ ಏಳುವುದು ಮಸರಕಲ್ಲಿನಲ್ಲಿ ಹೊಸದೇನಲ್ಲ. ಎರಡನೇ ಮಹಾಯುದ್ಧ ನಡೆದಿದ್ದ ಆ ವರ್ಷ ಅದು ಮೊದಲು ಕಾಲಿಟ್ಟದ್ದು ಮುದುಕಮ್ಮನ ಮನೆಗೆ. ಮೊಮ್ಮಗಳು ಹುಲಿಗೆಮ್ಮನಿಗೆ ಮೈ ಕಾದಿತ್ತು. ಬೆಳಗಾಗುವಷ್ಟರಲ್ಲಿ ಎದೆ, ಬೆನ್ನು, ನೆತ್ತಿಯ ಮೇಲೆಲ್ಲ ನೀರುಗುಳ್ಳೆ. ಸೀತಾಳೆ ಸಿಡುಬು; ಊರ ಮಾತಿನಲ್ಲಿ ಅದು ಗಣಜಲಿ.

ಮುದುಕಮ್ಮ ಹೆದರಲಿಲ್ಲ. ಗುಳ್ಳೆಯ ರೂಪದಲ್ಲಿ ದೇವತೆ ತಾಯಿ ಮನೆಗೆ ಬಂದರೆ ಏನು ಮಾಡಬೇಕೆಂಬುದನ್ನು ಅತ್ತೆ ಕಲಿಸಿ ಹೋಗಿದ್ದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಒಲೆಯ ಮೇಲೆ ಒಗ್ಗರಣೆ ಹಾಕಬಾರದು. ಮೊಸರನ್ನದ ಎಡೆ ಹಿಡಿದು, ಓಣಿಯ ಮಕ್ಕಳನ್ನೆಲ್ಲ ಬೇನೆ ಬಿದ್ದ ಮಗುವಿನ ಸುತ್ತ ಕೂಡಿಸಿ ಉಣ್ಣಿಸಬೇಕು. ಉಂಡರೆ ತಾಯಿ ತಣ್ಣಗೆ ಹೋಗುತ್ತಾಳೆ. ಉಣ್ಣಿಸದಿದ್ದರೆ ಗುಳ್ಳೆ ಕಣ್ಣಿಗೆ ಇಳಿಯುತ್ತದೆ.

ಸೊಸೆ ಯಮನಮ್ಮನನ್ನು ಹತ್ತಿ ಬಿಡಿಸಲು ಕಳಿಸಿ ಮುದುಕಮ್ಮ ಅನ್ನ ಕಲಸುತ್ತಿದ್ದಳು. ಪಕ್ಕದ ಮನೆಯ ಮುನ್ನೀ ಬೀ ಹೊಸ್ತಿಲಲ್ಲಿ ಬಂದು ನಿಂತಳು. ರಾಯಚೂರಿನ ದವಾಖಾನೆಯಲ್ಲಿ ನರ್ಸುಗಳ ಕೈಕೆಳಗೆ ದುಡಿಯುವ ಆಕೆ ತವರಿಗೆ ಬಂದಿದ್ದಳು.

"ಇಷ್ಟೊಂದು ಅನ್ನ ಯಾರಿಗೆ ಯವ್ವಾ?"

"ಓಣಿ ಹುಡುಗ್ರಿಗಿ. ತಾಯಿ ಊಟ."

"ಆ ಹುಡುಗಿ ಮಗ್ಗಲಕ್ಕ ಕೂಡಿಸಿ?"

"ಮತ್ತೆಲ್ಲಿ ಕೂಡಸ್ಬೇಕು? ನಿಮ್ಮ ದವಾಖಾನ್ಯಾಗೇನು?"

ಮುನ್ನೀ ಬೀ ನಕ್ಕಳು. ಒಳಗೆ ಹೋಗಿ ಹುಲಿಗೆಮ್ಮನ ಮೈ ನೋಡಿ ಬಂದಳು. "ಗಣಜಲಿ ಇದ್ದಂಗ ಅದ. ಆದ್ರೂ ದಾಕ್ತರಿಗಿ ಸುದ್ದಿ ಮುಟ್ಟಸ್ರಿ, ದೊಡ್ಡ ಸಿಡಬು ಹೌದೋ ಅಲ್ಲೋ ಅವರು ನೋಡ್ಲಿ."

"ದೇವಿ ಚುಚ್ಚು ಹಾಕಿಸೀವಲ್ಲ ಬೇ. ತೋಳಿನ ಮ್ಯಾಲ ಕಲಿ ಅದ. ಮತ್ಯಾಕ ಬಂತು?"

"ಆ ಚುಚ್ಚು ದೊಡ್ಡ ಸಿಡಬಿಗಿ. ಅದನ್ನ ಎಂದೂ ಬಿಡಬ್ಯಾಡ್ರಿ. ಗಣಜಲಿಗಿ ಇನ್ನಾ ಚುಚ್ಚಿಲ್ಲ ಯವ್ವಾ. ಉಸುರಿಗಿ ಹತ್ತತದ, ಗುಳ್ಳಿ ನೀರಿಗಿ ಹತ್ತತದ. ದೂರ ಇಡೂದ ಮದ್ದು."

"ಹತ್ತಿದ್ರ ಹತ್ತಲಿ. ಎಲ್ಲಾ ಹುಡುಗ್ರಿಗೂ ಬರೂದ, ಹೋಗೂದ."

"ಹೋದ ವರ್ಷ ಗದ್ದೆಪ್ಪನ ಮನ್ಯಾಗ ಹೆಂಗ ಹೋತು, ಮರತ್ರೇನು?"

ಮುದುಕಮ್ಮ ಮರೆತಿರಲಿಲ್ಲ. ಗದ್ದೆಪ್ಪನ ಮಕ್ಕಳು ಒಂದು ಏಳುವಾಗ ಇನ್ನೊಂದು ಮಲಗಿದವು. ಅವನ ಹೆಂಡತಿ ಆ ಸುಗ್ಗಿಯಲ್ಲಿ ಹೊಲದ ಬದು ತುಳಿಯಲಿಲ್ಲ. ಕಿರಿಯದು ಕೆರೆದುಕೊಂಡು ಗುಳ್ಳೆ ಕೀವಾಯಿತು, ಬಾಡಿಗೆ ಬಂಡಿ ಕಟ್ಟಿ ಮಾನ್ವಿಗೆ ಒಯ್ದರು. ಆ ಖರ್ಚಿಗೆ ಹಾಲು ಕೊಡುವ ಆಡು ದೇವದುರ್ಗದ ಸಂತೆಗೆ ಹೋಯಿತು. ಆ ಮಕ್ಕಳು ಉಂಡದ್ದೂ ಹೀಗೇ ಒಂದು ತಾಯಿಯ ಊಟ.

ಆದರೂ ಆಕೆ ಸೋಲಲಿಲ್ಲ. "ಊಟ ಹಾಕದ ಕಣ್ಣಿಗಿ ಇಳಿದ್ರ, ನೀ ಬಂದು ಕಣ್ಣು ಕೊಡ್ತಿಯೇನು?"

ಮುನ್ನೀ ಬೀ ಹೇಳಿದಳು: "ನನ್ನಿಂದಾಗಲ್ಲ ಯವ್ವಾ. ಆದ್ರ ಗುಳ್ಳಿ ಕೆರಕೊಂಡ ಕೈಲೆ ಕಣ್ಣು ತಿಕ್ಕಿದ್ರ ಕೆಡತದ. ಮೊದಲ ಉಗುರು ತಗೀರಿ."

ಅಷ್ಟರಲ್ಲಿ ಅಂಗಳದಿಂದ ದನಿ ಬಂತು. ಆಚೆ ಓಣಿಗೆ ಕೊಟ್ಟ ಮಗಳು ಗಂಗಮ್ಮ, ಇನ್ನೂ ಕುತ್ತಿಗೆ ನಿಲ್ಲದ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಬರುತ್ತಿದ್ದಳು. "ಯವ್ವಾ, ಕೂಸಿನ ಬಾಯಿಗೂ ತಾಯಿ ಪ್ರಸಾದ ಮುಟ್ಟಸೂನು ಅಂತ ಬಂದೆ."

"ಹಸುಗೂಸಿಗಿ ಇದು ಬಂದ್ರ ಬರೂದು ಹೋಗೂದಲ್ಲ ಯವ್ವಾ," ಎಂದಳು ಮುನ್ನೀ ಬೀ ಮೆಲ್ಲಗೆ. "ದವಾಖಾನ್ಯಾಗ ಕೂಸು ಹೋದದ್ದು ನೋಡೀನಿ."

ಮೊಸರು ಮೆತ್ತಿದ ಕೈಯಲ್ಲಿ ಮುದುಕಮ್ಮ ನಿಂತಳು. ಒಳಗೆ ಮೊಮ್ಮಗಳ ಕಣ್ಣು, ಹೊರಗೆ ಮಗಳ ಕೂಸು. ಆಮೇಲೆ ಆ ಕೈಯನ್ನೇ ಬಾಗಿಲಿಗೆ ಅಡ್ಡ ಹಿಡಿದಳು.

"ಅಲ್ಲೇ ನಿಂದ್ರು, ಒಳಗ ಬರಬ್ಯಾಡ."

"ಯಾಕ ಯವ್ವಾ, ತಾಯಿ ಊಟ ಇಲ್ಲೇನು?"

"ಅದ. ಆದ್ರ ಹಸುಗೂಸಿಗಿ ಬೇನಿ ಹಚ್ಚಿ ನನಗ ಎಡಿ ಹಿಡೀರಿ ಅಂತ ತಾಯಿ ಎಂದೂ ಅಂದಿಲ್ಲ. ಹಂಗ ಅಂದಾಕಿ ನಮ್ಮತ್ತಿ."

ಎಡೆಯನ್ನು ಹೊತ್ತು ಊರ ಮುಂದಿನ ಬೇವಿನ ಕಟ್ಟೆಗೆ ಹೋಗಿ, ತಾಯಿಯ ಕಲ್ಲಿನ ಮುಂದಿಟ್ಟು ತಲೆಬಾಗಿದಳು. "ಯವ್ವಾ, ಗುಳ್ಳಿ ಒಣಗಿ ಹಕ್ಕಳಿ ಉದುರಲಿ. ಮಕ್ಕಳನ್ನ ಇಲ್ಲೇ ಕರಕೊಂಡು ಬಂದು ಉಣಸ್ತೀನಿ. ಅಲ್ಲಿತನಕ ತಡಕೋ."

ಮುದುಕಮ್ಮನ ಮಗನಿಂದ ಸುದ್ದಿ ಹೋಗಿ ಡಾಕ್ಟರು ಬಂದರು, ಗಣಜಲಿಯೇ ಎಂದರು. ಬಟ್ಟೆ ಸಿಗುವುದೇ ಕಷ್ಟವಾಗಿದ್ದ ಯುದ್ಧದ ಕಾಲ. ಆದರೂ ಮುದುಕಮ್ಮ ತನ್ನ ಹಳೆಯ ಸೀರೆಯ ಮೆತ್ತನೆ ಸೆರಗು ಹರಿದು ಹಾಸಿದಳು. ಹುಡುಗಿಯ ಉಗುರು ತೆಗೆದಳು, ಅಂಬಲಿ ಮಜ್ಜಿಗೆ ಕುಡಿಸಿದಳು. ಬೇನೆ ಬೀಳುವ ಮೊದಲೇ ಹುಲಿಗೆಮ್ಮನ ಜೊತೆ ಆಡಿದ್ದ ಒಬ್ಬ ಹುಡುಗನಿಗೆ ಗುಳ್ಳೆ ಎದ್ದವು. ಅವನನ್ನೂ ಅವನ ಮನೆಯವರು ಒಳಗೇ ಇಟ್ಟುಕೊಂಡರು. ಬೇನೆ ಅಲ್ಲಿಗೇ ನಿಂತಿತು. ಓಣಿಯ ಉಳಿದ ತಾಯಂದಿರ ಉಡಿ ಸುಗ್ಗಿ ಮುಗಿಯುವ ತನಕ ಹತ್ತಿಯಿಂದ ತುಂಬುತ್ತಲೇ ಇತ್ತು.

ಹಕ್ಕಳೆ ಉದುರಿದ ಮೇಲೆ ಬೇವಿನ ನೆರಳಲ್ಲಿ ಮಕ್ಕಳ ಪಂಕ್ತಿ ಕೂತಿತು. ಹುಲಿಗೆಮ್ಮನ ಕಣ್ಣು ತಿಳಿಯಾಗಿದ್ದವು. ಗಂಗಮ್ಮನ ಕೂಸು ಮುದುಕಮ್ಮನ ತೊಡೆಯ ಮೇಲೆ ಕಾಲು ಬಡಿಯುತ್ತಿತ್ತು.

"ಬಾ ಮುನ್ನೀ, ನೀನೂ ಉಣ್ಣು," ಎಂದಳು ಮುದುಕಮ್ಮ. "ಹುಡುಗ್ರನ್ನ ದವಾಖಾನ್ಯಾಗ ಕೂಡಸೂ ಪಾಳಿ ಬರಲಿಲ್ಲ ನೋಡು."

ಇದನ್ನು ಓದಿಸಿ ಕೇಳುತ್ತಿರುವ ತಾಯಂದಿರೇ, ಅಪ್ಪಂದಿರೇ, ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ದವಾಖಾನೆಯವರಿಗೆ ತಿಳಿಸಿ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಬೇರೆ ಮಕ್ಕಳನ್ನು, ಬಸುರಿಯರನ್ನು, ಹಸುಗೂಸುಗಳನ್ನು ಹತ್ತಿರ ಬಿಡಬೇಡಿ. ಒಂದು ಮಗು ಒಳಗಿದ್ದರೆ ಓಣಿಯ ಕೂಲಿಯೂ ಉಳಿಯುತ್ತದೆ, ಕೂಸುಗಳೂ ಉಳಿಯುತ್ತವೆ. ಎಡೆ ಬಿಡಿ ಎಂದು ಯಾರೂ ಹೇಳುವುದಿಲ್ಲ. ಅದನ್ನು ಬೇವಿನ ಕಟ್ಟೆಗೆ ಒಯ್ಯಿರಿ. ಮಕ್ಕಳಿಗಾಗಿ ಕಾಯುವುದು ತಾಯಿಗೆ ಗೊತ್ತಿದೆ.