ಮೊದಲ ಹೆಬ್ಬೆಟ್ಟು

ದೇವನಹಳ್ಳಿ ತಾಲ್ಲೂಕು ಕಚೇರಿ ಮುಂದಿನ ಮರದಡಿ ಅರ್ಜಿ ಬರೆಯುತ್ತಿದ್ದ ಪಿಳ್ಳಣ್ಣನಿಗೆ ಒಂದು ಹುಚ್ಚಿತ್ತು. ಬರೆದುಕೊಟ್ಟು ಸುಮ್ಮನಾಗುವ ಜಾಯಮಾನವೇ ಅಲ್ಲ ಅವನದು. ಅರ್ಜಿ ಯಾವ ಮೇಜಿಗೆ ಹೋಯಿತು, ಯಾವ ಗುಮಾಸ್ತರ ಕೈಕೆಳಗೆ ನಿದ್ದೆ ಹೊಡೆಯುತ್ತಿದೆ ಅಂತ ಅದರ ಹಿಂದೆಯೇ ಅಲೆಯಬೇಕು. "ನೀನೇನು ಅರ್ಜಿಗೆ ಅಪ್ಪನಾ?" ಅಂತ ಜವಾನರು ರೇಗಿಸುತ್ತಿದ್ದರು. ರೇಗಿಸಲಿ ಬಿಡಿ! ಊರುಗಳ ಪರವಾಗಿ ಸರ್ಕಾರವನ್ನು ಕೇಳುವುದೇ ತನ್ನ ಕಸುಬಾಗಬೇಕು ಅಂತ ಅವನು ಆಸೆ ಕಟ್ಟಿಕೊಂಡಿದ್ದ.

ಸಾವಿರದ ಒಂಬೈನೂರ ನಲವತ್ನಾಲ್ಕರಲ್ಲಿ ಅವನು ಹಿಡಿದದ್ದು ತನ್ನೂರು ಕುಂದಾಣದ ಕೆಲಸ. ಊರಿಗೊಬ್ಬ ತರಬೇತಾದ ಹೆರಿಗೆ ನರ್ಸಮ್ಮ ಬೇಕು. ಅದರಲ್ಲಿ ಸ್ವಾರ್ಥವೂ ಇತ್ತು, ಮುಚ್ಚುಮರೆ ಯಾಕೆ? ಹೆಂಡತಿ ಅಂಜಿನಮ್ಮ ಆರು ತಿಂಗಳ ಬಸುರಿ. ಹಿಂದಿನ ಸಲ ಕೂಸು ಉಳಿಯಲಿಲ್ಲ, ಅವಳು ಉಳಿದದ್ದೇ ಹೆಚ್ಚು. ಈ ಸಲ ಏನಾಗುತ್ತೋ ಅಂತ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅರ್ಜಿ ಭರ್ಜರಿಯಾಗಿಯೇ ಬರೆದ. "ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ" ಅಂತ ಶುರು. ಕೆಳಗೆ ಪಟೇಲ್ ಮುನಿವೆಂಕಟಪ್ಪನಿಂದ ಹಿಡಿದು ಅರವತ್ತು ಗಂಡಸರ ಹೆಬ್ಬೆಟ್ಟು. ಪಟೇಲರದು ಮೊದಲು ಬೀಳದೆ ಯಾರೂ ಮಸಿ ಮುಟ್ಟುತ್ತಿರಲಿಲ್ಲ, ಊರಿನ ಪದ್ಧತಿ ಹಾಗೆ. ಸೂಲಗಿತ್ತಿ ಮಾರಕ್ಕನ ಮನೆ ಕಡೆ ಮಾತ್ರ ಅವನು ತಲೆಹಾಕಲಿಲ್ಲ. ಮೂವತ್ತು ವರ್ಷದಿಂದ ಊರಿನ ಹೆರಿಗೆಯೆಲ್ಲ ಅವಳ ಕೈಯಲ್ಲೇ. ಗೊತ್ತಾದರೆ ಬಾಯಿಗೆ ಬಂದಂಗೆ ಬೈದು ಕೆಲಸ ಕೆಡಿಸ್ತಾಳೆ ಅನ್ನುವ ದಿಗಿಲು.

ಬೆಂಗಳೂರಿನ ಆರೋಗ್ಯ ಇಲಾಖೆಯ ದೊಡ್ಡ ಕಚೇರಿಯಲ್ಲಿ ಸಾಹೇಬರು ಅರ್ಜಿ ತಿರುವಿಹಾಕಿ ನಕ್ಕೇಬಿಟ್ಟರು. "ಏನಯ್ಯಾ, ಹೆರೋರು ಈ ಅರವತ್ತು ಜನಾನಾ? ಹೋದ ವರ್ಷ ಒಂದೂರಿಗೆ ನರ್ಸನ್ನ ಕಳಿಸಿದ್ವಿ. ಅಲ್ಲಿನ ಸೂಲಗಿತ್ತಿ ಬೇಡ ಅಂದ್ಲು, ಒಂದು ಮನೇಲೂ ಬಾಗಿಲು ತೆಗೀಲಿಲ್ಲ. ಈಗಿರೋದು ಒಬ್ಬಳೇ ನರ್ಸು, ಕೇಳ್ತಿರೋದು ಐದೂರು. ಸೋಮವಾರ ತೀರ್ಮಾನ ಮಾಡ್ತೀನಿ."

ಥೂ, ಎಂಥ ದಡ್ಡ ನಾನು! ಯುದ್ಧಕಾಲ, ಪೆಟ್ರೋಲಿಲ್ಲದೆ ಇದ್ದಿಲಿನಲ್ಲೇ ಓಡುತ್ತಿದ್ದ ಬಸ್ಸಿನಲ್ಲಿ ಹೊಗೆ ಕುಡಿಯುತ್ತ ದಾರಿಯುದ್ದಕ್ಕೂ ಪಿಳ್ಳಣ್ಣ ತನ್ನನ್ನೇ ಬೈದುಕೊಂಡ. ಊರು ಸೇರಿದವನು ನೇರ ಮಾರಕ್ಕನ ಜಗಲಿಗೆ ಹೋಗಿ ಕೂತ.

"ಅರವತ್ತು ಮನೆ ತಿರುಗ್ದೆ, ನಮ್ಮನೆ ಕಾಣ್ಲಿಲ್ವೇನ್ಲಾ?" ಅಂದಳು ಮುದುಕಿ. ಅವಳಿಗೆ ಎಲ್ಲ ಗೊತ್ತಿತ್ತು!

"ತಪ್ಪಾಯ್ತು ಮಾರಕ್ಕ. ಬೈತೀಯ ಅಂತ ಹೆದರ್ಕೊಂಡೆ."

"ನನ್ನ ಕೇಳ್ದೆ ಹೋದ್ಯಲ್ಲ, ಅದಕ್ಕೆ ಬೈತೀನಿ ಕಣೋ." ಅವಳು ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ನಡುಗುತ್ತಿದ್ದವು. "ನಿನ್ನ ಕೂಸು ಹೋದಾಗ್ಲೇ ನನ್ನ ಧೈರ್ಯ ಹೋಯ್ತು. ಯಾರ ಹತ್ರ ಹೇಳ್ಕೊಳ್ಳಲಿ?"

ಪಿಳ್ಳಣ್ಣನ ಕಣ್ಣು ತುಂಬಿ ಬಂತು. ಎರಡು ವರ್ಷದಿಂದ ಅವಳನ್ನೇ ಒಳಗೊಳಗೆ ದೂರುತ್ತಿದ್ದನಲ್ಲ! ಅಲ್ಲೇ ಕೂತು ಹೊಸ ಅರ್ಜಿ ಬರೆದ, ಬರೀ ನಾಲ್ಕು ಸಾಲು, ಅವಳ ಮಾತಿನಲ್ಲೇ. ಮೊದಲ ಹೆಬ್ಬೆಟ್ಟು ಮಾರಕ್ಕನದು, ನಡುಗಿ ಕಲೆಸಿಹೋಗಿತ್ತು. ಅದರ ಕೆಳಗೆ ಊರ ಹೆಂಗಸರದು. ಪಟೇಲರು ಸಿಡಿಮಿಡಿಗೊಂಡರು, ಅವರ ಹೆಂಡತಿ ಲಕ್ಷ್ಮೀದೇವಮ್ಮ ಸುಮ್ಮನೆ ಬಂದು ಒತ್ತಿ ಹೋದರು.

ಸೋಮವಾರ ಪಿಳ್ಳಣ್ಣ ಅವಳನ್ನೂ ಬೆಂಗಳೂರಿಗೆ ಕರೆದುಕೊಂಡು ಹೋದ. ಸಾಹೇಬರು ಅರ್ಜಿ ಓದಿ ಮಾರಕ್ಕನನ್ನೇ ಕೇಳಿದರು. "ನರ್ಸು ಬಂದ್ರೆ ನಿನ್ನ ಕಸುಬು ಹೋಗುತ್ತಲ್ಲಮ್ಮ?"

"ಹೋಗ್ಲಿ ಬುದ್ಧಿ, ತಾಯಂದ್ರು ಉಳೀಲಿ. ನಾನೇ ಮನೆಮನೆಗೂ ಕರ್ಕೊಂಡು ಹೋಗ್ತೀನಿ. ಯಾವಳು ಬಾಗಿಲು ತೆಗಿಯಲ್ವೋ ನೋಡೇಬಿಡ್ತೀನಿ!"

ಸಾಹೇಬರು ಈ ಸಲ ನಗಲಿಲ್ಲ. ಪೆನ್ನು ತೆಗೆದು ರುಜು ಹಾಕಿದರು.

ಮೂರು ತಿಂಗಳಿಗೆ ಅಂಜಿನಮ್ಮ ಹೆಣ್ಣು ಹೆತ್ತಳು. ನರ್ಸಮ್ಮ ಹೊಕ್ಕುಳ ಬಳ್ಳಿ ಕತ್ತರಿಸಿ ಕೂಸನ್ನು ಮಾರಕ್ಕನ ಮಡಿಲಿಗೆ ಹಾಕಿದಳು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು.

ಸುದ್ದಿ ಹಬ್ಬಿತು. ವಾರದೊಳಗೆ ನಲ್ಲೂರಿನವರು ನಾಲ್ಕು ಜನ ಮರದಡಿ ಬಂದು ನಿಂತರು, ಊರಿಗೊಂದು ಸ್ಕೂಲು ಬೇಕಂತೆ. "ನಮ್ಮ ಪರವಾಗೂ ನೀನೇ ಕೇಳಪ್ಪಾ, ಬರ್ಕೋ."

ಪಿಳ್ಳಣ್ಣ ಲೇಖನಿ ಮುಟ್ಟಲಿಲ್ಲ.

"ಸ್ಕೂಲು ಬಂದ್ರೆ ನಿಮ್ಮೂರಲ್ಲಿ ಯಾರಿಗೆ ನಷ್ಟ?"

ಅವರಲ್ಲೊಬ್ಬ ತಲೆ ಕೆರೆದುಕೊಂಡು ಹೇಳಿದ. "ಜಗಲೀಲಿ ಪಾಠ ಹೇಳೋ ವಯಸ್ಸಾದ ಮೇಷ್ಟ್ರು ಒಬ್ರವ್ರೆ."

"ಮೊದ್ಲು ಅವರನ್ನ ಕರ್ಕೊಂಡು ಬನ್ನಿ."